ಹುಲ್ಲು ಬಿಡುವ ಮೊದಲು

"ನಿಲ್ಲು! ಕಲ್ಲು ಕೆಳಗಿಡು!"

ತೂದಾಳ ಕೂಗಿಗೆ ಕುರಿಗಾಹಿ ಅಸ್ಸು ಬೆಚ್ಚಿ ತಿರುಗಿದ. ಆಗಷ್ಟೇ ಬೆಳಕು ಹರಿದಿತ್ತು. ಹುಲ್ಲುಗಾವಲಿನ ಕಲ್ಲುಗೋಡೆ ಒಂದು ಕಡೆ ಒಡೆದಿತ್ತು. ಒಳಗೆ ಹಳದಿ ಹೂಗಳು ತುಳಿತಕ್ಕೆ ಸಿಕ್ಕಿದ್ದವು. ಅವನ ಕೈಯಲ್ಲಿ ಗೋಡೆಯದೇ ಕಲ್ಲು!

"ಹುಲ್ಲುಗಾವಲಿನ ಬಾಗಿಲು ತೆರೆಯೋಕೆ ಇನ್ನು ನಾಲ್ಕೇ ದಿನ... ಅಷ್ಟೂ ತಾಳ್ಮೆ ಇಲ್ವೇನೋ ನಿನಗೆ?"

ಅವನು ಕಲ್ಲನ್ನು ಮೆಲ್ಲನೆ ಕೆಳಗಿಟ್ಟ. ಅವನ ಸೊಂಟದಲ್ಲಿ ಸದಾ ಇರುತ್ತಿದ್ದ ಕೆಂಪು ಉಣ್ಣೆಪಟ್ಟಿ ಇರಲಿಲ್ಲ.

ವಸಂತದಲ್ಲಿ ಮುಚ್ಚಿದ ಆ ಹುಲ್ಲಿಗೆ, ಬೀಜ ಉದುರುವವರೆಗೆ, ಅಟ್ಲಾಸ್ ಬೆಟ್ಟದ ಏಳು ಹಳ್ಳಿಗಳಲ್ಲಿ ಯಾರೂ ತಮ್ಮ ಪ್ರಾಣಿಗಳ ಬಾಯಿ ಹಾಕಿಸುವಂತಿಲ್ಲ. ಅಜ್ಜಂದಿರ ಕಾಲದ ಕಟ್ಟಳೆ. ತೀರಿಹೋದ ಅಪ್ಪನ ಕಾವಲುಕೋಲು ಈ ವರ್ಷವಷ್ಟೇ ತೂದಾಳ ಕೈಗೆ ಬಂದಿತ್ತು. ಹೆಣ್ಣಿಗೇಕೆ ಕೋಲು ಎಂದವರು ಅವಳು ಎಡವುವುದನ್ನೇ ಕಾಯುತ್ತಿದ್ದರು.

'ಕದ್ದವನು ಇವನೇ ಆಗಬೇಕಿತ್ತೇ...?' ಆದರೂ ದೂರು ಕೊಟ್ಟಳು.

ಮಧ್ಯಾಹ್ನ ಅಕ್ರೋಟದ ಮರದಡಿ ಸಭೆ ಸೇರಿತು. ಕಟ್ಟಳೆ ನೋಡಿಕೊಳ್ಳುವ ಹುಲ್ಲಿನ ಯಜಮಾನ ಝಾಯಿದಜ್ಜ ಗಂಟಲು ಸರಿಮಾಡಿಕೊಂಡ.

"ನಿನ್ನ ಪ್ರಾಣಿ ಒಳಗೆ ಹೋಗಿಲ್ಲ ಅಂತ ಆಣೆ ಮಾಡೋ ಅಸ್ಸು. ಮುಗೀತು."

"ಮಾಡಲ್ಲ ಅಜ್ಜ."

"ಹಾಗಾದ್ರೆ ಬೆಟ್ಟದ ಮೇಲಿನ ಸಂತರ ಗೋರಿಗೆ ಹೋಗೋಣ. ಅಲ್ಲೂ ಆಣೆ ಮಾಡದೆ ನಿಂತ್ರೆ, ಈ ವರ್ಷ ನಿಮ್ಮ ಎಂಬತ್ತು ಕುರಿಗೂ ಇಲ್ಲಿ ಹುಲ್ಲಿಲ್ಲ. ತಿಳೀತಾ? ತೂದಾ, ನಿನ್ನ ಹೇಸರಗತ್ತೆ ತಾರೇ. ಅಲ್ಲಿಗೆ ಹತ್ತೋಕೆ ನನ್ನ ಮೊಣಕಾಲು ಒಪ್ಪಲ್ಲ."

ತೂದಾ ಕೊಟ್ಟಿಗೆಗೆ ಓಡಿದಳು. ಬಾಗಿಲಲ್ಲೇ ಕಾಲು ನಿಂತುಹೋಯಿತು.

ಹೇಸರಗತ್ತೆಯ ಗೊರಸಿಗೆ ಹಳದಿ ಹೂವು ಮೆತ್ತಿಕೊಂಡಿತ್ತು. ಅವಳು ನಿನ್ನೆ ಕಟ್ಟಿದ್ದ ಹಗ್ಗ ತುಂಡಾಗಿತ್ತು. ಹೇಸರಗತ್ತೆಯನ್ನು ಈಗ ಗೂಟಕ್ಕೆ ಬಿಗಿದಿದ್ದುದು... ಅಸ್ಸುವಿನ ಕೆಂಪು ಉಣ್ಣೆಪಟ್ಟಿ!

'ಅಯ್ಯೋ! ನಾನು ಊರ ಕುರಿಗಳನ್ನೆಲ್ಲ ಕಾದೆ... ನನ್ನದನ್ನೇ ಮರೆತೆನಲ್ಲ!'

ಸುಮ್ಮನಿದ್ದರೆ ಕೋಲು ಉಳಿಯುತ್ತಿತ್ತು. ಅವನ ಕುರಿಗಳು ಉಳಿಯುತ್ತಿರಲಿಲ್ಲ. ಪಟ್ಟಿ ಬಿಚ್ಚಿ, ಹೇಸರಗತ್ತೆಯನ್ನು ಎಳೆದುಕೊಂಡೇ ಸಭೆಗೆ ಬಂದಳು.

"ಅಜ್ಜ, ಹುಲ್ಲು ಮೇದ ಕಳ್ಳ ಇದು. ನಮ್ಮನೇದು. ಅಸ್ಸು ಇದನ್ನ ಎಳೆದು ತಂದು ಕೊಟ್ಟಿಗೇಲಿ ಕಟ್ಟಿದ. ಅವನು ಗೋಡೆ ಒಡೀತಿರಲಿಲ್ಲ, ಕಟ್ತಿದ್ದ."

ಯಾರೋ ಕಿಸಕ್ಕನೆ ನಕ್ಕರು. ಝಾಯಿದಜ್ಜ ನಗಲಿಲ್ಲ.

"ಕೋಲು ಕೆಳಗಿಡು ಮಗಳೇ. ಮುಂದಿನ ವಸಂತಕ್ಕೆ ಕೇಳು... ನಾನಿದ್ರೆ ನಿನಗೇ ಕೊಡಿಸ್ತೀನಿ."

ನಾಲ್ಕನೆಯ ದಿನ ಹುಲ್ಲುಗಾವಲು ತೆರೆಯಿತು. ಕುರಿಗಳ ಗದ್ದಲದ ನಡುವೆ ಅಸ್ಸು ಅವಳ ಪಕ್ಕ ಬಂದು ನಿಂತ.

"ಯಾಕೋ ಬಾಯಿ ಬಿಡಲಿಲ್ಲ?" ಅವಳ ಕಣ್ಣು ತುಂಬಿತು.

"ಆಣೆ ಮಾಡಿದ್ರೆ ಮತ್ಯಾರದು ಅಂತ ಹುಡುಕ್ತಿದ್ರು."

"ನಿನ್ನ ಕುರಿಗಳ ಗತಿ?"

"ಹೆದರಿಕೆ ಆಗಿತ್ತು ತೂದಾ... ಆದ್ರೆ ಕೋಲಿಲ್ಲದ ನಿನ್ನನ್ನ ನೋಡೋಕೆ ಅದಕ್ಕಿಂತ ಹೆದರಿಕೆ." ಅವನು ತಲೆ ತಗ್ಗಿಸಿದ. "ನನ್ನ ಪಟ್ಟಿ ಕೊಡ್ತೀಯಾ? ನಡ ಸಡಿಲ ಆಗಿದೆ."

"ಕೊಡಲ್ಲ."

"ಯಾಕೆ?"

"ನಿಮ್ಮನೆ ತುಂಬೋಕೆ ಬರೋವಾಗ ನಾನೇ ತರ್ತೀನಿ..."