ಲಾಡಲೇಸಾಬ ಏರಿದ ಘಾಟು

1974ರ ಜನವರಿ 18, ಬೆಳಿಗ್ಗೆ ಒಂಬತ್ತು ಗಂಟೆ. ತಿಕೋಟಾ ಪೊಲೀಸ್ ಠಾಣೆಯ ಮೆಟ್ಟಿಲನ್ನು ಇಬ್ಬರು ಹತ್ತಿದರು. ಮುಂದೆ ವಿಜಾಪುರದ ಸೊಲ್ಲಾಪುರ ರಸ್ತೆಯ ಲಾರಿ ಮಾಲೀಕ ಶಿವಶರಣಪ್ಪ, ಹಿಂದೆ ತಲೆ ತಗ್ಗಿಸಿದ ಅವನ ಡ್ರೈವರ್ ಲಾಡಲೇಸಾಬ. ಬಬಲೇಶ್ವರದಲ್ಲಿ ಉಳ್ಳಾಗಡ್ಡಿ ತುಂಬಿಕೊಂಡು ಗೋವಾಕ್ಕೆ ಹೊರಟ ಲಾರಿಯನ್ನು ಅನಮೋಡ ಘಾಟಿನಲ್ಲಿ ದರೋಡೆಕೋರರು ಕಸಿದುಕೊಂಡರೆಂಬುದು ಫಿರ್ಯಾದು.

ಫೌಜದಾರ ಗುರಲಿಂಗಪ್ಪನವರು ಎಫ್.ಐ.ಆರ್. ಬರೆಸಿ, ಘಾಟಿನ ಕಡೆಯ ಠಾಣೆಗೆ ತಂತಿ ಕಳಿಸಿದರು. ಅಂಥ ಘಟನೆಯೇ ನಡೆದಿಲ್ಲವೆಂದು ಸಂಜೆಗೆ ಉತ್ತರ ಬಂತು. ಮರುದಿನ ಡ್ರೈವರನನ್ನು ಮತ್ತೆ ಕರೆಸಿದರು.

“ಗಾಡಿ ಹೆಂಗ ತಡದ್ರು?”

“ಹೋಗುವಾಗ ಘಾಟ ಏರಾಕತ್ತಿದ್ದೆ ಸಾಹೇಬ್ರ. ಗಾಡಿ ಎತ್ತಿನ ಬಂಡಿಗತೆ ಹೊಂಟಿತ್ತು. ನಾಕು ಮಂದಿ ಹತ್ತಿ ಬಂದ್ರು.”

“ಎಷ್ಟೊತ್ತು ಏರಿದಿ?”

“ತಾಸುಗಟ್ಟಲೆ ಏರೇ ಏರಿದೇರಿ.”

ಗುರಲಿಂಗಪ್ಪನವರು ಪೆನ್ನು ಕೆಳಗಿಟ್ಟರು. ಕಾರವಾರದಲ್ಲಿ ನೌಕರಿ ಮಾಡಿ ಬಂದವರು ಅವರು. ನಮ್ಮ ಸೀಮೆಯೇ ಎತ್ತರದಲ್ಲಿದೆ. ಇಲ್ಲಿಂದ ಸಮುದ್ರದ ಕಡೆ ಹೋಗುವವನು ಘಾಟನ್ನು ಇಳಿಯಬೇಕು. ಗುಡ್ಡವೆಂದರೆ ಏರುವುದೇ ಎಂದು ನಂಬಿದವನು ಬಯಲು ಬಿಟ್ಟು ಆಚೆ ಹೋದವನೇ ಅಲ್ಲ.

“ಲೇ, ಹೋಗುವಾಗ ಘಾಟ ಇಳೀಬೇಕು. ನೀ ಏರಿದ್ದು ಯಾವ ಘಾಟ?”

ಪಾಪ, ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ. ಅಲ್ಲೇ ಒಪ್ಪಿಕೊಂಡ.

“ಬಬಲೇಶ್ವರದಾಗ ನಮ್ಮ ಮಾವನ ಹೊಲದಾಗ ಐತ್ರಿ ಗಾಡಿ.”

ಮಧ್ಯಾಹ್ನ ಪೇದೆ ಅಲ್ಲಾಉದ್ದೀನ ಇಬ್ಬರು ಪಂಚರೊಂದಿಗೆ ಹೋಗಿ ನೋಡಿದರೆ, ಜೋಳದ ಕಣಿಕೆಯ ಬಣವೆಯ ಹಿಂದೆ ಲಾರಿ ನಿಂತಿತ್ತು. ಪಂಚನಾಮೆಯಾಯಿತು. ಒಂದು ಚೀಲವೂ ಹೋಗಿರಲಿಲ್ಲ. ಜೊತೆಗೆ ಬಂದಿದ್ದ ಶಿವಶರಣಪ್ಪ ಬಾನೆಟ್ಟಿನ ಮೇಲೆ ಕೈಯಿಟ್ಟು, “ಬದುಕಿದೆನಪ್ಪಾ ಸಿದ್ಧರಾಮ!” ಎಂದು ಉಸಿರುಬಿಟ್ಟ.

ಲಾಡಲೇಸಾಬನನ್ನು ಬಂಧಿಸಲಾಯಿತು. ಅವನ ಅಣ್ಣ ಪೀರಸಾಬ ಅದೇ ಘಾಟಿನಲ್ಲಿ ಬ್ರೇಕ್ ಹತ್ತದೆ ಲಾರಿ ಸಮೇತ ಕಣಿವೆಗೆ ಬಿದ್ದು ಸತ್ತಿದ್ದ. ಆ ದಾರಿ ಹಿಡಿಯಬಾರದೆಂದು ತಾಯಿ ದಾವಲಬಿ ಕಿರಿಮಗನಿಂದ ಆಣೆ ಮಾಡಿಸಿಕೊಂಡಿದ್ದಳು.

“ಒಲ್ಲೆ ಅಂದ್ರ ಚಾಕ್ರಿ ಹೋಗ್ತಿತ್ರಿ. ಹೋದ್ರ ಅವ್ವನ ಆಣಿ ಮುರೀತಿತ್ತು.”

“ಬಾಯಿ ಇರಲಿಲ್ಲೇನಲೇ?” ಶಿವಶರಣಪ್ಪ ರೇಗಿದ. “ಹೇಳಿದ್ರ ಸೊಲ್ಲಾಪುರಕ್ಕ ಕಳಸ್ತಿದ್ದೆ!”

ಸಂಜೆ ದಾವಲಬಿ ಏದುಸಿರು ಬಿಡುತ್ತ ಠಾಣೆಗೆ ಬಂದಳು. ಮಗನನ್ನು ಘಾಟಿನಲ್ಲಿ ದೋಚಿದರೆಂಬ ಸುದ್ದಿ ಕೇಳಿದಾಗಿನಿಂದ ಆಕೆ ತುತ್ತು ಮುಟ್ಟಿರಲಿಲ್ಲ. ಆಣೆ ಮುರಿದನೆಂದು ಅವನೊಂದಿಗೆ ಮಾತನ್ನೂ ಆಡಿರಲಿಲ್ಲ.

“ಸಾಹೇಬ್ರ, ನನ್ನ ಮಗ ಘಾಟಕ್ಕ ಹೋಗೇ ಇಲ್ಲಂತ, ಖರೇನ್ರಿ?”

“ಹೋಗಿಲ್ಲ ಯವ್ವಾ. ಸುಳ್ಳು ಹೇಳ್ಯಾನ. ನಾಳೆ ವಿಜಾಪುರದ ಕೋರ್ಟಿಗೆ ಒಯ್ತೀವಿ.”

ದಾವಲಬಿ ಮೆಟ್ಟಿಲ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕೇಳಿದಳು:

“ವಿಜಾಪುರದ ರಸ್ತಾ ಸಪಾಟ ಐತಲ್ರಿ?”

“ಅಂಗೈಗತೆ ಐತಿ, ಯವ್ವಾ,” ಎಂದರು ಗುರಲಿಂಗಪ್ಪನವರು.