ಆ ಮುತ್ತಿನ ನಂತರ ಏಳು ವಾರ

"ಉಸಿರು ಬಿಗಿ ಹಿಡೀರಿ!"

ಕಿವಿಯ ಪಕ್ಕದಲ್ಲೇ ಯಾರೋ ಪಿಸುಗುಟ್ಟಿದರು. ಟಾಮ್ಸಿನ್ ಬೆಚ್ಚಿ ತಿರುಗಿದಳು.

ಮಸಿ ಮೆತ್ತಿದ ಮುಖ. ಬೆಂಕಿಗೆ ಸೀದುಹೋದ ಒಂದು ಹುಬ್ಬು. ಅದರ ಕೆಳಗೆ ಮೋಡ ಕವಿದ ಸಮುದ್ರದ ಬಣ್ಣದ ಕಣ್ಣು. ಆದರೆ ಆ ಕಣ್ಣು ಅವಳ ಮೇಲಿರಲಿಲ್ಲ, ಕುಲುಮೆಯ ಬಾಯಿಯ ಮೇಲಿತ್ತು.

ಅವಳು ಫ್ರಾನ್ಸಿಗೆ ಕಾಲಿಟ್ಟದ್ದು ಅದೇ ಬೆಳಿಗ್ಗೆ. ಇಂಗ್ಲೆಂಡಿನ ಡೆವನ್‌ನಿಂದ ಹಡಗು ಹತ್ತಿ, ಬಸ್ಸು ಹಿಡಿದು, ನಾರ್ಮಂಡಿಯ ಈ ಪುಟ್ಟ ಊರಿನಲ್ಲಿ ಇಳಿದವಳು ಕೈಚೀಲವನ್ನೂ ಕೆಳಗಿಡದೆ ಗಂಟೆಗಳ ಎರಕದ ಮನೆಯೊಳಕ್ಕೆ ನುಗ್ಗಿದ್ದಳು. ಚರ್ಚಿನ ಗಂಟೆಗಳಿಗೆ ಶ್ರುತಿ ಕೂಡಿಸುವುದು ಅವಳ ಕಸುಬು; ಇಲ್ಲಿಗೂ ಅದೇ ಕೆಲಸಕ್ಕೆ ಬಂದಿದ್ದಳು. ಆದರೆ ಗಂಟೆಯೊಂದು ಹುಟ್ಟುವುದನ್ನು ಅವಳು ಈವರೆಗೆ ಕಂಡಿರಲಿಲ್ಲ.

"ಬಿಡಿ!" ಎಂದಳು ಮುದುಕಿಯೊಬ್ಬಳು. ಅವಳೇ ಈ ಕಾರ್ಖಾನೆಯ ಒಡತಿ, ಮದಾಮ್ ಓಡಿಲ್.

ಕಂಚು ಹೊರಟಿತು... ಬೆಳಕೇ ಕರಗಿ ಕಾಲುವೆಯಲ್ಲಿ ಹರಿದಂತೆ! ನೆಲದಡಿಯಲ್ಲಿ ಹೂತಿಟ್ಟ ಜೇಡಿಮಣ್ಣಿನ ಅಚ್ಚು ಅದನ್ನು ಗುಟುಕು ಗುಟುಕಾಗಿ ಕುಡಿಯಿತು. ಎಂಟು ಮಂದಿ ಗಂಡಸರು ಟೋಪಿ ತೆಗೆದು ನಿಂತಿದ್ದರು. ಅಚ್ಚು ತುಂಬುವ ಸದ್ದನ್ನು ಎಲ್ಲರೂ ಆಲಿಸುತ್ತಿದ್ದರು.

ತನ್ನ ಕೆನ್ನೆಯ ಮೇಲೆ ನೀರಿಳಿದದ್ದು ಟಾಮ್ಸಿನ್‌ಗೆ ತಿಳಿಯಲೇ ಇಲ್ಲ.

ಆಗ ಅವನು ಅವಳತ್ತ ತಿರುಗಿದ.

"ಮೊದಲನೇ ಸಲಾನಾ?"

ಅವಳು ತಲೆಯಾಡಿಸಿದಳು.

"ನಂದು ಇದು ನೂರಾ ಹನ್ನೊಂದನೇದು. ಈಗ್ಲೂ ಕಾಲು ನಡುಗತ್ತೆ. ನನ್ನ ಹೆಸ್ರು ತಿಬೋ." ಕುತ್ತಿಗೆಯ ಬಟ್ಟೆ ಬಿಚ್ಚಿ ಚಾಚಿದ. "ಒರೆಸ್ಕೊಳ್ಳಿ."

ಒರೆಸಿಕೊಂಡಳು. ಬಟ್ಟೆಯ ಮಸಿಯೆಲ್ಲ ಮುಖಕ್ಕೆ ಬಂತು. ಎಂಟೂ ಮಂದಿ ಗೊಳ್ಳೆಂದು ನಕ್ಕರು.

"ನೋಡ್ರೋ, ಇಂಗ್ಲೆಂಡ್ ಈಗ ನಮ್ಮೋಳಾದ್ಲು!" ಎಂದು ಕೂಗಿದ, ಕುಲುಮೆ ಕಾಯುವ ದಡೂತಿ ಗಾಸ್ಪಾರ್.

ಅಂದಿನಿಂದ ಕಾರ್ಖಾನೆಯಲ್ಲಿ ಅವಳ ಹೆಸರು ಇಂಗ್ಲೆಂಡ್ ಎಂದೇ ಆಯಿತು.

*

ಏಪ್ರಿಲ್‌ನ ಒಂದು ಭಾನುವಾರ ತಿಬೋ ಅವಳನ್ನು ಕೊಲ್ಲಿಗೆ ಕರೆದೊಯ್ದ.

ಇಳಿತದ ಹೊತ್ತು. ಸಮುದ್ರವೇ ಇರಲಿಲ್ಲ! ಕಣ್ಣು ಹಾಯುವಷ್ಟು ದೂರ ಬರೀ ಒದ್ದೆ ಮರಳು, ಮರಳಿನಲ್ಲಿ ಆಕಾಶ. ಇಬ್ಬರೂ ಬರಿಗಾಲಲ್ಲಿ ಮೋಡಗಳ ಮೇಲೆ ನಡೆಯುತ್ತಿದ್ದರು.

"ನೀರು ವಾಪಸ್ ಬರುವಾಗ ಕುದುರೆ ಓಡಿದ ಹಾಗೆ ಬರತ್ತೆ ಅಂತಾರೆ. ನಿಲ್ಲು... ಕೇಳ್ಸ್ಕೋ," ಎಂದ ಅವನು.

ದೂರದಲ್ಲೆಲ್ಲೋ ಒಂದು ಗುನುಗು. ಅದು ಯಾವ ಸ್ವರ ಎಂಬುದು ಅವಳ ಕಿವಿಗೂ ಸಿಗಲಿಲ್ಲ. ಬೆರಗಿನಿಂದ ಅವನತ್ತ ತಿರುಗಿದಳು. ಅವನು ಅವಳ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದು ಮುತ್ತಿಟ್ಟ.

ಉಪ್ಪು. ಗಾಳಿ. ಆಮೇಲೆ ಏನೂ ಇಲ್ಲ...

ಹಿಂದಿರುಗುವಾಗ ಅವನು ಒಂದು ಮಾತೂ ಆಡಲಿಲ್ಲ. ಅವಳ ಒದ್ದೆ ಶೂಗಳನ್ನು ಕೈಯಲ್ಲಿ ಹಿಡಿದುಕೊಂಡು, ಸಿಳ್ಳೆ ಹಾಕುತ್ತಾ ನಡೆದ.

'ಏನಾದರೂ ಹೇಳಬಾರದೇ?' ಎಂದುಕೊಂಡಳು ಅವಳು. 'ಹೋಗಲಿ, ನಾಳೆ ಹೇಳಬಹುದು.'

ಮರುದಿನ ಅವನು ಬಿಸಿ ಬ್ರೆಡ್ ತಂದ. ಅದರ ಮರುದಿನವೂ ತಂದ. ದಿನಾ ಬೆಳಿಗ್ಗೆ ಅವಳ ಕೆಲಸದ ಮೇಜಿನ ಮೇಲೆ ಕಾಗದ ಸುತ್ತಿದ ಬ್ರೆಡ್ಡು. ಮೂರನೆಯ ವಾರ ತನ್ನ ತಾಯಿಯ ಮನೆಗೆ ಭಾನುವಾರದ ಊಟಕ್ಕೆ ಕರೆದೊಯ್ದ. ಊಟ ಮುಗಿಯಲು ನಾಲ್ಕು ತಾಸು ಬೇಕಾಯಿತು. ಹೊರಡುವಾಗ ಆ ತಾಯಿ ಅವಳ ಕೈಗೆ ಒಂದು ಮರದ ಬಳೆ ಇಟ್ಟಳು. ಊಟದ ಕರವಸ್ತ್ರ ಸುತ್ತಿಡುವ ಬಳೆ, ಮೇಲೆ 'ಟಾಮ್ಸಿನ್' ಎಂದು ಕಾಸಿದ ಕಬ್ಬಿಣದಲ್ಲಿ ಬರೆದಿತ್ತು.

'ಎಷ್ಟು ಚೆಂದದ ಉಡುಗೊರೆ!' ಎಂದು ಟಾಮ್ಸಿನ್ ಅದನ್ನು ಕಿಟಕಿಯ ಮೇಲಿಟ್ಟು ಅದರೊಳಗೆ ಪೆನ್ಸಿಲ್‌ಗಳನ್ನು ನಿಲ್ಲಿಸಿದಳು.

ಆದರೆ ಆ ಮಾತು? ಅದು ಮಾತ್ರ ಬರಲಿಲ್ಲ.

"ಅವನು ಕೇಳಿದ್ನಾ?" ಫೋನಿನಲ್ಲಿ ಅಕ್ಕ ಬ್ರಯನಿ ಪ್ರತಿ ಶನಿವಾರ ಕೇಳುವುದು ಇದನ್ನೇ.

"ಇಲ್ಲ ಕಣೇ..."

"ಏಳು ವಾರ ಆಯ್ತಲ್ಲೇ! ನಮ್ಮನೆಯವ್ರು ಆರನೇ ವಾರಕ್ಕೇ ಕೇಳಿದ್ರು. ಬಸ್ ಸ್ಟಾಪಲ್ಲಿ, ಮುಖ ಬೀಟ್‌ರೂಟ್ ಮಾಡ್ಕೊಂಡು, 'ಇನ್ಮೇಲೆ ನೀನು ನನ್ ಜೊತೆ ಮಾತ್ರ ಓಡಾಡ್ತೀಯಾ' ಅಂತ. ಬಾಯಿ ಬಿಟ್ಟು ಕೇಳೋವರೆಗೂ ಅದು ಪ್ರೀತಿ ಅಲ್ಲ ಕಣೇ, ಬರೀ ಓಡಾಟ. ಗೊತ್ತು ತಾನೆ?"

ಗೊತ್ತಿತ್ತು. ಡೆವನ್‌ನಲ್ಲಿ ಯಾರಿಗೆ ಗೊತ್ತಿಲ್ಲ? ಅಲ್ಲಿ ಹುಡುಗ ಹುಡುಗಿ ತಿಂಗಳುಗಟ್ಟಲೆ ಸುತ್ತಾಡಿ, ಒಬ್ಬರನ್ನೊಬ್ಬರು ಅಳೆದು ತೂಗಿ, ಒಂದು ದಿನ ಮುಜುಗರದಿಂದ ಗಂಟಲು ಸರಿಮಾಡಿಕೊಂಡು ಆ ಪ್ರಶ್ನೆ ಕೇಳಬೇಕು. ಅಲ್ಲಿಯವರೆಗೆ ಇಬ್ಬರೂ ಸ್ವತಂತ್ರರು.

"ಆದ್ರೆ ದಿನಾ ಬ್ರೆಡ್ ತರ್ತಾನೆ..."

"ಫ್ರೆಂಚ್ ಗಂಡಸರು ಬೀದಿ ಬೆಕ್ಕಿಗೂ ಬ್ರೆಡ್ ತಂದ್ಕೊಡ್ತಾರೆ, ಅದಕ್ಕೂ ಕಣ್ಣು ಹೊಡೀತಾರೆ! ಅದು ಅವರ ಅಭ್ಯಾಸ ಕಣೇ. ನೀನು ಸುಮ್ನೆ ಹೃದಯ ಒಡ್ಕೋಬೇಡ."

*

ಜೂನ್‌ನಲ್ಲಿ ಪಿಯರ್ಸ್ ಬಂದ. ಡೆವನ್‌ನ ಒಂದು ಚರ್ಚಿಗೆ ಗಂಟೆ ಬೇಕಿತ್ತು, ಅದನ್ನು ನೋಡಿ ಒಪ್ಪಿಕೊಳ್ಳಲು ಬಂದ ವಾಸ್ತುಶಿಲ್ಪಿ. ಸಭ್ಯ. ಎತ್ತರ. ಬಾಯಿ ಬಿಟ್ಟರೆ ಮೊದಲು ಕ್ಷಮೆ ಕೇಳುವವನು.

"ಕ್ಷಮಿಸಿ, ನಾಳೆ ನನ್ ಜೊತೆ ಊಟಕ್ಕೆ ಬರ್ತೀರಾ? ಬೇಡ ಅನ್ಸಿದ್ರೆ ಖಂಡಿತ ಬೇಡ."

"ನೋಡಿ ಹೇಳ್ತೀನಿ," ಎಂದಳು ಅವಳು. ಸಂಜೆ ಕೈ ತೊಳೆಯುವ ತೊಟ್ಟಿಯ ಬಳಿ ತಿಬೋ ಸಿಕ್ಕಿದ.

"ಪಿಯರ್ಸ್ ಊಟಕ್ಕೆ ಕರೆದಿದಾರೆ. ನಾಳೆ."

'ಹೋಗಬೇಡ ಅನ್ನು! ಒಂದೇ ಒಂದು ಸಲ ಅನ್ನು ತಿಬೋ... ಈಗಲಾದರೂ ಕೇಳು!'

ತಿಬೋನ ಕೈಗಳು ಸೋಪಿನ ನೊರೆಯಲ್ಲೇ ನಿಂತವು.

"ಇಬ್ರೇನಾ?"

"ಹೂಂ, ಇಬ್ರೇ."

ಅವನು ನೊರೆಯನ್ನು ತೊಳೆದುಕೊಂಡ.

"ನಿನ್ನಿಷ್ಟ," ಎಂದ. ಟವೆಲ್ ತೆಗೆದುಕೊಳ್ಳದೆ, ಒದ್ದೆ ಕೈಯಲ್ಲೇ ಹೊರಟುಹೋದ.

ಅಷ್ಟೇನಾ? ನಿನ್ನಿಷ್ಟ! ಅಕ್ಕ ಹೇಳಿದ್ದು ಸುಳ್ಳಲ್ಲ. ಟಾಮ್ಸಿನ್ ತುಟಿ ಕಚ್ಚಿಕೊಂಡು ಊಟಕ್ಕೆ ಹೋದಳು. ಪಿಯರ್ಸ್ ಎರಡು ತಾಸು ಚರ್ಚಿನ ಸೂರಿನ ನೀರು ಹರಿದುಹೋಗುವ ವ್ಯವಸ್ಥೆಯ ಬಗ್ಗೆ ಮಾತಾಡಿದ. ಕೊನೆಗೆ ಕೈ ಕುಲುಕಿದ.

ಮರುದಿನ ಮೇಜಿನ ಮೇಲೆ ಬ್ರೆಡ್ ಇರಲಿಲ್ಲ. ಅದರ ಮರುದಿನವೂ.

ತಿಬೋ ಅವಳಿಗೆ 'ನಮಸ್ಕಾರ' ಎನ್ನುತ್ತಿದ್ದ. ಹಾಗೆ ಅನ್ನುವಾಗ ಅವಳ ಭುಜದ ಆಚೆ ಎಲ್ಲೋ ನೋಡುತ್ತಿದ್ದ. ಗಾಸ್ಪಾರ್ ಕೂಡ ಅವಳನ್ನು ಇಂಗ್ಲೆಂಡ್ ಎಂದು ಕರೆಯುವುದನ್ನು ಬಿಟ್ಟು, ಅಪರಿಚಿತ ಹೆಣ್ಣುಮಕ್ಕಳನ್ನು ಕರೆಯುವಂತೆ 'ಮದ್ಮೋಝೆಲ್' ಎನ್ನತೊಡಗಿದ. ಅದು ಬೈಗುಳಕ್ಕಿಂತ ಹೆಚ್ಚು ನೋಯಿತು.

ಗುರುವಾರ ಬೆಳಿಗ್ಗೆ ಮದಾಮ್ ಓಡಿಲ್ ಅಚ್ಚಿನ ಮಣ್ಣಿಗೆ ಮೇಕೆ ಕೂದಲು, ಕುದುರೆ ಲದ್ದಿ ಬೆರೆಸುತ್ತಾ, ತಲೆಯೆತ್ತದೆ ಹೇಳಿದಳು:

"ತಿಬೋ ಸಮುದ್ರದಾಚೆ ಕ್ವಿಬೆಕ್‌ನ ಎರಕದ ಮನೆಗೆ ಹೋಗ್ತಿದಾನೆ. ಎರಡು ವರ್ಷ. ಇವತ್ತು ಊಟ ಆದ್ಮೇಲೆ ಒಪ್ಪಂದಕ್ಕೆ ಸಹಿ. ತೃಪ್ತಿ ಆಯ್ತಾ ನಿಂಗೆ?"

ಟಾಮ್ಸಿನ್‌ಳ ಕೈಯಿಂದ ಶ್ರುತಿಯ ಕವೆಗೋಲು ಜಾರಿ ಬಿತ್ತು.

"ನಂಗೆ? ನಾನೇನು ಮಾಡ್ದೆ ಮದಾಮ್?"

"ಬಿಟ್ಟೆಯಲ್ಲ ಅವನನ್ನ! ಅದೂ ಏನೂ ಆಗ್ದೋರ ಹಾಗೆ, ಕೈ ತೊಳೆಯೋ ತೊಟ್ಟಿ ಹತ್ರ. ಇಂಗ್ಲಿಷರು ಐಸ್ ಅಂತ ಕೇಳಿದ್ದೆ, ಇಷ್ಟು ಅಂತ ಗೊತ್ತಿರ್ಲಿಲ್ಲ."

"ಬಿಡೋಕೆ... ನಾವು ಜೊತೆಗೆ ಯಾವಾಗ ಇದ್ವಿ?"

ಮುದುಕಿಯ ಕೈ ಮಣ್ಣಿನಲ್ಲಿ ನಿಂತಿತು.

"ಏನಂದೆ? ಕೊಲ್ಲಿಯಲ್ಲಿ ಅವನಿಗೆ ಮುತ್ತು ಕೊಟ್ಟಿದ್ದು ನೀನೇ ತಾನೆ?"

"ಹೌದು, ಆದ್ರೆ ಅವನು ಏನೂ ಕೇಳ್ಲಿಲ್ವಲ್ಲ! ಪ್ರೀತಿಸ್ತೀಯಾ ಅಂತ, ನನ್ನವಳಾಗ್ತೀಯಾ ಅಂತ..."

"ಕೇಳೋದೇನಮ್ಮಾ?" ಓಡಿಲ್‌ಳ ದನಿ ನಿಜವಾದ ಅಚ್ಚರಿಯಿಂದ ತೆಳುವಾಯಿತು. "ತುಟಿಗೆ ತುಟಿ ಕೊಟ್ಟ ಮೇಲೆ ಕೇಳೋಕೆ ಏನು ಉಳಿದಿರತ್ತೆ? ಅವತ್ತಿಂದ ನೀನು ಅವನವಳು, ಅವನು ನಿನ್ನವನು. ಇಡೀ ಊರಿಗೆ ಗೊತ್ತು. ಬೇಕರಿಯವಳು ಅವನಿಗೆ ಎರಡು ಬ್ರೆಡ್ ಎತ್ತಿಡ್ತಾಳೆ. ಅವನ ಅಮ್ಮ ನಿಂಗೆ ಬಳೆ ಕೊಟ್ಲಲ್ಲ!"

"ಆ... ಉಡುಗೊರೆ?"

"ಉಡುಗೊರೆಯಂತೆ! ಅತಿಥಿಗೆ ಶುಭ್ರ ಕರವಸ್ತ್ರ ಕೊಡ್ತಾರೆ ಹುಡುಗಿ. ಬಳೆ ಇರೋದು ಮನೆಯವರಿಗೆ. ಬಳೆ ಕೊಟ್ರೆ ಆ ಮೇಜಿನಲ್ಲಿ ನಿಂಗೊಂದು ಜಾಗ ಇದೆ ಅಂತ, ಸಾಯೋವರೆಗೂ."

ಟಾಮ್ಸಿನ್ ಮೂಟೆಯ ಮೇಲೆ ಕುಸಿದು ಕುಳಿತಳು.

ಏಳು ವಾರ... ದಿನಾ ಬೆಳಿಗ್ಗೆ ಅವಳು ಕಾಯುತ್ತಿದ್ದಳು, ಪ್ರೀತಿ ಬರುತ್ತದೇನೋ ಎಂದು. ಅದು ಬಂದು ಮನೆಯಲ್ಲಿ ಕುಳಿತು, ಬ್ರೆಡ್ ಕತ್ತರಿಸಿ, ಅವಳಿಗಾಗಿ ಒಂದು ಕುರ್ಚಿ ಎಳೆದಿಟ್ಟಿತ್ತು! ಇಡೀ ಒಂದು ಊರು ಅವಳನ್ನು 'ತಿಬೋನ ಹುಡುಗಿ' ಎಂದು ಗುರುತಿಸಿ ನಮಸ್ಕರಿಸುತ್ತಿತ್ತು. ಅವಳೊಬ್ಬಳಿಗೇ ಗೊತ್ತಿರಲಿಲ್ಲ.

ಇಷ್ಟು ದೊಡ್ಡದು ಇಷ್ಟು ಮೌನವಾಗಿ ಇರಲು ಸಾಧ್ಯವೇ?

"ಅವನೇಕೆ ತಡೀಲಿಲ್ಲ ಮದಾಮ್? ಹೋಗಬೇಡ ಅನ್ಬಹುದಿತ್ತು..."

"ಹೋಗೋರನ್ನ ಕಾಲು ಹಿಡಿದು ನಿಲ್ಲಿಸೋಕೆ ಅದು ಪ್ರೀತೀನಾ, ಇಲ್ಲ ಸಾಲಾನಾ?" ಮುದುಕಿ ಮಣ್ಣಿನ ಕೈಯಲ್ಲೇ ಅವಳ ಗಲ್ಲ ಎತ್ತಿದಳು. ಕಣ್ಣುಗಳನ್ನು ನೋಡಿದಳು. "ಓಹೋ... ನೀನು ನಿಜವಾಗ್ಲೂ... ಎದ್ದೇಳು! ಊಟಕ್ಕೆ ಕೂತಿದಾರೆ ಎಲ್ಲರೂ. ಓಡು!"

*

ಉದ್ದನೆಯ ಮೇಜು. ಎಂಟು ಮಂದಿ. ಸೂಪು ಮುಗಿದು ಚೀಸಿನ ತಟ್ಟೆ ಕೈಯಿಂದ ಕೈಗೆ ಹೋಗುತ್ತಿತ್ತು. ತಿಬೋನ ತಟ್ಟೆಯ ಪಕ್ಕದಲ್ಲಿ ಒಪ್ಪಂದದ ಕಾಗದ, ಅದರ ಮೇಲೆ ಪೆನ್ನು.

ಟಾಮ್ಸಿನ್ ಬಾಗಿಲಲ್ಲಿ ನಿಂತಳು. ಎಲ್ಲರೂ ತಲೆಯೆತ್ತಿದರು.

ಅವಳ ಮನೆಯಲ್ಲಿ ಅಪ್ಪನು ಅಮ್ಮನ ಕೈ ಹಿಡಿದದ್ದನ್ನೂ ಅವಳು ಕಂಡವಳಲ್ಲ. ಮನಸ್ಸಿನ ಮಾತನ್ನು ನಾಲ್ಕು ಜನರ ಮುಂದೆ ಆಡುವುದೆಂದರೆ ಬೀದಿಯಲ್ಲಿ ಬಟ್ಟೆ ಬಿಚ್ಚಿದಂತೆ ಎಂದು ನಂಬಿ ಬೆಳೆದವಳು. ಇಲ್ಲಿ ಎಂಟು ಜನ!

"ತಿಬೋ," ಎಂದಳು. "ನಂಗೆ ಗೊತ್ತಿರ್ಲಿಲ್ಲ."

"ಏನು?" ಅವನು ತಟ್ಟೆಯನ್ನೇ ನೋಡುತ್ತಿದ್ದ.

"ನಾವಿಬ್ರೂ ಜೋಡಿ ಅಂತ."

ಚಮಚವೊಂದು ಟಣ್ ಎಂದಿತು. ಗಾಸ್ಪಾರ್ ಅಗಿಯುವುದನ್ನು ನಿಲ್ಲಿಸಿದ.

"ನಮ್ಮ ಕಡೆ ಬಾಯಿ ಬಿಟ್ಟು ಕೇಳ್ತಾರೆ. ಕೇಳೋವರೆಗೂ ಅದು ಏನೂ ಅಲ್ಲ. ನೀನು ಕೇಳ್ತೀಯಾ ಅಂತ ದಿನಾ ಕಾದೆ. ಕೇಳಲಿ ಅಂತಲೇ ಪಿಯರ್ಸ್ ವಿಷಯ ಹೇಳ್ದೆ. ನೀನು 'ನಿನ್ನಿಷ್ಟ' ಅಂದೆ. ನಿಂಗೆ ನಾನು ಬೇಡ ಅಂದ್ಕೊಂಡೆ..."

ತಿಬೋ ನಿಧಾನವಾಗಿ ತಲೆಯೆತ್ತಿದ.

"ಏಳು ವಾರ," ಎಂದ ಅವನು, "ನಿಂಗೆ ಗೊತ್ತೇ ಇರ್ಲಿಲ್ವಾ?"

"ಇಲ್ಲ."

"ದೇವರೇ!" ಎಂದ ಗಾಸ್ಪಾರ್. "ನಿಮ್ಮ ದೇಶದಲ್ಲಿ ಮಕ್ಕಳು ಹೇಗೆ ಹುಟ್ತಾವೆ? ಅರ್ಜಿ ಹಾಕ್ಬೇಕಾ?"

"ಬಾಯ್ಮುಚ್ಚು!" ಬಾಗಿಲ ಹಿಂದಿನಿಂದ ಓಡಿಲ್ ಗದರಿದಳು. "ನೀನು ಮುಂದುವರಿಸು ಇಂಗ್ಲೆಂಡ್. ಚೀಸೇನು ಆರಿಹೋಗಲ್ಲ."

ಟಾಮ್ಸಿನ್‌ಳ ಕಿವಿಯವರೆಗೆ ರಕ್ತ ನುಗ್ಗಿತು. ಓಡಿಹೋಗಬೇಕೆನ್ನಿಸಿತು. ಓಡಲಿಲ್ಲ.

"ನಾನು ಯಾವತ್ತೂ ನಿನ್ನನ್ನ ಬಿಟ್ಟಿರ್ಲಿಲ್ಲ. ನಾನು ನಿನ್ನನ್ನ ಪ್ರೀತಿಸ್ತೀನಿ. ಎಲ್ಲರ ಮುಂದೆ ಹೇಳ್ತಿದೀನಿ, ಮತ್ತೆ ಯಾರಿಗೂ ಅನುಮಾನ ಬರಬಾರದು ಅಂತ."

ತಿಬೋ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು, ಅವನು ನೋಡಲಿಲ್ಲ. ಮೇಜು ಬಳಸಿ ಬಂದು ಅವಳ ಎದುರು ನಿಂತ. ಸೀದುಹೋದ ಹುಬ್ಬು ನಡುಗುತ್ತಿತ್ತು.

"ಹೇಗೆ ಕೇಳ್ಬೇಕು, ಹೇಳ್ಕೊಡು," ಎಂದ.

"ಈಗ ಬೇಕಿಲ್ಲ..."

"ಬೇಕು. ನೀನು ಇಷ್ಟು ದಿನ ಕಾದಿದೀಯ."

ಅವಳು ಅವನ ಕಿವಿಯಲ್ಲಿ ಅಕ್ಕ ಹೇಳಿದ್ದ ಆ ಪ್ರಶ್ನೆಯನ್ನು ಪಿಸುಗುಟ್ಟಿದಳು. ಅವನು ಗಂಟಲು ಸರಿಮಾಡಿಕೊಂಡ. ಎಲ್ಲರೂ ನೋಡನೋಡುತ್ತಿದ್ದಂತೆ ಆ ಫ್ರೆಂಚ್ ಗಂಡಸಿನ ಮುಖ ಬೀಟ್‌ರೂಟಿನಂತೆ ಕೆಂಪಾಯಿತು!

"ಟಾಮ್ಸಿನ್... ಇನ್ಮೇಲೆ... ನನ್ ಜೊತೆ ಮಾತ್ರ... ಥೂ, ಇದೆಷ್ಟು ಕಷ್ಟ!"

ಅವಳು ಅಳುತ್ತಲೇ ನಕ್ಕಳು. "ಹೂಂ. ನಿನ್ ಜೊತೆ ಮಾತ್ರ."

ಓಡಿಲ್ ಒಳಬಂದು ಒಪ್ಪಂದದ ಕಾಗದವನ್ನು ಎತ್ತಿ ಗಾಸ್ಪಾರ್‌ನ ಮುಂದೆ ಇಟ್ಟಳು. "ಕ್ವಿಬೆಕ್‌ಗೆ ನೀನು ಹೋಗು. ಪೀಡೆ ತೊಲಗಿತು ಅಂತ ನಿನ್ನ ಹೆಂಡ್ತಿ ನಂಗೆ ಹೂವು ಕಳಿಸ್ತಾಳೆ."

*

ಹೊರಗೆ ಅಂಗಳದಲ್ಲಿ ಹಸಿ ಅಚ್ಚುಗಳು ಬಿಸಿಲಿಗೆ ಒಣಗುತ್ತಿದ್ದವು. ಇಬ್ಬರೂ ಗೋಡೆಗೆ ಒರಗಿ ನೆಲದ ಮೇಲೆ ಕುಳಿತರು. ಅವಳ ತಲೆ ಅವನ ಭುಜದ ಮೇಲೆ.

"ಆ ಪಿಯರ್ಸ್..." ತಿಬೋ ಮೆಲ್ಲಗೆ ತೆಗೆದ.

"ಕೈ ಕುಲುಕಿದ. ಚರಂಡಿ ಬಗ್ಗೆ ಮಾತಾಡಿದ."

"ಎರಡು ತಾಸೂ?"

"ಎರಡು ತಾಸೂ."

ಅವನು ಅಷ್ಟು ದಿನದ ಉಸಿರನ್ನು ಒಮ್ಮೆಗೇ ಹೊರಬಿಟ್ಟ.

ಸ್ವಲ್ಪ ಹೊತ್ತಿನ ನಂತರ ಅವಳು ಹೇಳಿದಳು, "ತಿಬೋ, ನಂಗೊಂದು ಹೊಟ್ಟೆಕಿಚ್ಚು."

"ಯಾರ ಮೇಲೆ?"

"ನನ್ನ ಮೇಲೇ. ಏಳು ವಾರ ನೀನು ಪ್ರೀತಿಸಿದ ಆ ಹುಡುಗಿ ಮೇಲೆ. ಅವಳಿಗೆ ಅದು ಗೊತ್ತೇ ಇರ್ಲಿಲ್ಲ. ನಂಗೆ ಆ ದಿನಗಳೆಲ್ಲ ಬೇಕು. ಹೇಳ್ತೀಯಾ?"

ಅವನು ಅವಳ ಬೆರಳುಗಳನ್ನು ತನ್ನ ಸುಟ್ಟ ಗಾಯಗಳ ಅಂಗೈಯೊಳಗೆ ಮುಚ್ಚಿಕೊಂಡ.

"ಮೊದಲನೇ ದಿನ ಸೋಮವಾರ," ಎಂದ. "ನೀನು ಹಸಿರು ಸ್ವೆಟರ್ ಹಾಕಿದ್ದೆ. ತೋಳು ಒಂದು ಕಡೆ ಬಿಚ್ಕೊಂಡಿತ್ತು. ಬ್ರೆಡ್ ಮುರಿದು, ಅದರ ಬಿಸಿ ಹಬೆಗೆ ಮುಖ ಒಡ್ಡಿ ಕಣ್ಮುಚ್ಕೊಂಡೆ. ಬಾಗಿಲ ಹಿಂದೆ ನಿಂತು ನೋಡ್ತಿದ್ದೆ. ಈ ಹುಡುಗಿ ನನ್ನವಳಾ, ನಂಗಾ ಇದು ಸಿಕ್ಕಿದ್ದು ಅಂತ... ಆವತ್ತಿಡೀ ನನ್ ಕೈಲಿ ಕೆಲ್ಸ ಓಡ್ಲಿಲ್ಲ."

ಟಾಮ್ಸಿನ್ ಉಸಿರು ಬಿಗಿಹಿಡಿದು ಕೇಳುತ್ತಿದ್ದಳು.

"ಮಂಗಳವಾರ?" ಎಂದು ಪಿಸುಗುಟ್ಟಿದಳು.

"ಮಂಗಳವಾರ ನೀನು ಸೀನಿದೆ, ಮೂರು ಸಲ..."