ಸಾವಿರಕೊಳವೆಯ ಬಾಚಲೆ

ಬಹಳ ಹಿಂದೆ, ಗಾಳಿಗೂ ಅರಮನೆಯಲ್ಲಿ ಕೆಲಸವಿದ್ದ ಕಾಲದಲ್ಲಿ, ಸುಳಿಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಸಭಾಮಂಟಪದಲ್ಲಿ ಸಾವಿರಕೊಳವೆ ಎಂಬ ವಾದ್ಯವಿತ್ತು. ಗೋಡೆಯ ಹಿಂದೆ ಮಾಚಣ್ಣ ತಿದಿ ಒತ್ತಿ ಗಾಳಿ ತುಂಬುತ್ತಿದ್ದ, ಮುಂದೆ ಕೂತು ಬಾಚಲೆ ನುಡಿಸುತ್ತಿದ್ದಳು. ಐದು ರಾಜ್ಯಗಳ ದೊರೆಗಳು ಅವಳನ್ನು ಕೇಳಲು ಬರುತ್ತಿದ್ದರು. ಮಾಚಣ್ಣನನ್ನು ಮಾತ್ರ ಯಾರೂ ನೋಡಿರಲಿಲ್ಲ.

ಎಷ್ಟೇ ದೊಡ್ಡ ದೊರೆ ಕೂತಿರಲಿ, ನುಡಿಸುವ ಮೊದಲು ಬಾಚಲೆ ಗಟ್ಟಿಯಾಗಿ ಕೇಳುತ್ತಿದ್ದಳು: "ಗಾಳಿ ತುಂಬಿತಾ, ಅಣ್ಣಾ?"

"ತುಂಬಿತವ್ವಾ, ನುಡಿಸು," ಎನ್ನುತ್ತಿದ್ದ ಮಾಚಣ್ಣ.

ಮೂವತ್ತು ವರ್ಷ ಹೀಗೇ ನಡೆಯಿತು. ಬಾಚಲೆಯ ಬೆರಳು ಗಂಟುಕಟ್ಟತೊಡಗಿದವು. ತಾನು ಹೋದಮೇಲೆ ಏನುಳಿದೀತು ಎಂಬ ಚಿಂತೆ ಹತ್ತಿತು. ಆಗ ಬಂದ ಕಾಳಂಜನೆಂಬ ಮಾಂತ್ರಿಕ, ಮೂರು ಶಂಖ ಹಿಡಿದುಕೊಂಡು.

"ನಿನ್ನ ವಾದನ ಇವುಗಳಲ್ಲಿ ನೂರು ವರ್ಷ ಇರುತ್ತದೆ," ಎಂದ. "ಆದರೆ ತಿದಿಯವನ ಕೂಗು ಬೇಡ. ಅಸಹ್ಯ."

ಹೊಗಳಿಕೆಗೆ ಯಾರು ತಾನೇ ಉಬ್ಬುವುದಿಲ್ಲ? ಮೊದಲ ದಿನ ಬಾಚಲೆ ಮಾಚಣ್ಣನನ್ನು ಕೇಳದೆಯೇ ತೊಟ್ಟಿಲ ರಾಗ ನುಡಿಸಿದಳು. ಶಂಖ ಅದನ್ನು ನುಂಗಿತು. ಎರಡನೆಯ ದಿನ ಕೇಳದೆಯೇ ಮದುವೆಯ ರಾಗ ನುಡಿಸಿದಳು. ಎರಡನೆಯ ಶಂಖ ಅದನ್ನೂ ನುಂಗಿತು. ಸಂಜೆ ರಾಣಿಯ ಕೂಸಿಗೆ ತೊಟ್ಟಿಲ ರಾಗ ನುಡಿಸಹೋದರೆ ಬೆರಳಿಗೆ ಏನೂ ನೆನಪಿಲ್ಲ! ಶಂಖಕ್ಕೆ ಕಿವಿಗೊಟ್ಟ ಮಂದಿಯೋ, ಕಲ್ಲಾಗಿ ನಿಂತಿದ್ದರು.

"ಮೂರನೆಯ ರಾಗವನ್ನೂ ಕೊಡು, ಎಲ್ಲರನ್ನೂ ಬಿಡುತ್ತೇನೆ," ಎಂದು ನಕ್ಕ ಕಾಳಂಜ.

ಉಳಿದದ್ದು ಸತ್ತವರನ್ನು ಕಳುಹಿಸಿಕೊಡುವ ರಾಗವೊಂದೇ. ಅದೂ ಹೋದರೆ ಬಾಚಲೆ ಬರಿಗೈ. ಅವಳು ಗೋಡೆಯ ಹಿಂದೆ ಹೋಗಿ ಅತ್ತಳು.

ಮಾಚಣ್ಣ ತಿದಿ ಒರೆಸುತ್ತಲೇ ಹೇಳಿದ: "ಎರಡು ದಿನ ನೀನು ಕೇಳಲಿಲ್ಲವ್ವಾ. ಗಾಳಿ ತುಂಬಿದೆ, ಆದರೆ ನಾನು ಇದ್ದೀನೋ ಇಲ್ಲವೋ ಅಂತ ನನಗೇ ಅನುಮಾನ ಬಂತು."

"ತಪ್ಪಾಯಿತು, ಅಣ್ಣಾ," ಎಂದಳು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮೂರನೆಯ ದಿನ ಶಂಖ ಬಾಯ್ತೆರೆದು ಕಾದಿತ್ತು. ಬಾಚಲೆ ಕೂಗಿದಳು, "ಗಾಳಿ ತುಂಬಿತಾ, ಅಣ್ಣಾ?"

"ಬೇಡ!" ಎಂದು ಕಿರುಚಿದ ಕಾಳಂಜ.

"ತುಂಬಿತವ್ವಾ, ನುಡಿಸು!"

ಒಬ್ಬರ ಉಸಿರು ಹಿಡಿಯಲೆಂದು ಮಂತ್ರಿಸಿದ ಶಂಖಕ್ಕೆ ಇಬ್ಬರ ಉಸಿರು ಹಿಡಿಸಲಿಲ್ಲ. ಅದು ಸಿಡಿಯಿತು. ಉಳಿದೆರಡೂ ಸಿಡಿದವು. ಕಾಳಂಜ ಬೂದಿಯಾದ. ರಾಗಗಳು ಬೆರಳಿಗೆ ಮರಳಿದವು, ಕಲ್ಲಾದವರು ಮನೆಗೆ ನಡೆದರು.

"ಹಾಗಾದರೆ ನೂರು ವರ್ಷಕ್ಕೆ ಏನೂ ಉಳಿಯುವುದಿಲ್ಲವೇ?" ಎಂದು ಸುಳಿಗಿರಿಯ ದೊರೆ ಮರುಗಿದ.

"ಬದುಕಿರುವಷ್ಟು ದಿನ ನುಡಿಸುತ್ತೇವೆ, ಪ್ರಭು. ಬಂದು ಕೇಳಿ," ಎಂದಳು ಬಾಚಲೆ.

ಇಬ್ಬರೂ ಇನ್ನೂ ಏಳು ವರ್ಷ ನುಡಿಸಿದರು. ಎಲ್ಲರೂ ಸುಖವಾಗಿದ್ದರು. ಸುಳಿಗಿರಿಯ ತಾಯಂದಿರು ಈಗಲೂ ಕೂಸು ತೂಗುವಾಗ ಆ ತೊಟ್ಟಿಲ ರಾಗ ಗುನುಗುತ್ತಾರೆ. ಒಬ್ಬೊಬ್ಬರದೂ ಒಂದೊಂದು ಕಡೆ ತಪ್ಪುತ್ತದೆ. ಕೂಸುಗಳು ಮಾತ್ರ ತಪ್ಪದೆ ನಿದ್ದೆ ಹೋಗುತ್ತವೆ.